ರಂಗದಿಂದ ಬೆಳ್ಳಿತೆರೆಗೆ: ಎಂ. ವಿ. ರಾಜಮ್ಮನವರ ಜೀವನ

(ಅಂತಿಮ ಬಿ. ಎ. ವಿದ್ಯಾರ್ಥಿನಿ)

ಲಲಿತಕಲೆಗಳಲ್ಲಿ ನಾಟಕಕ್ಕಿರುವಷ್ಟು ಜನಪ್ರೀತಿ ಬೇರಾವುದಕ್ಕೂ ಇಲ್ಲವೆಂದು ಹಿರಿಯರು ಹೇಳುತ್ತಾರೆ. ತುಂಗಭದ್ರಾ ಅಣೆಕಟ್ಟಿನ ಸುತ್ತಮುತ್ತ ಹುಟ್ಟಿ ಬೆಳೆದ ನಮಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊಳೆಯಾಚೆಯ ಹುಲಿಗೆಮ್ಮನ ಜಾತ್ರೆಗೆ ನಾಟಕ ಕಂಪನಿಗಳು ಬಂದು ಬಿಡಾರ ಹೂಡುವುದನ್ನು ನಾವೆಲ್ಲ ಚಿಕ್ಕಂದಿನಿಂದ ಕಂಡಿದ್ದೇವೆ. ಹೊಸಪೇಟೆಗೆ ಸಮೀಪದ ಮರಿಯಮ್ಮನಹಳ್ಳಿಯಂತೂ ರಂಗನಟಿಯರ ಊರೆಂದೇ ಹೆಸರಾದುದು. ಸುಗ್ಗಿ ಮುಗಿದ ಮೇಲೆ ಹಳ್ಳಿಯ ತರುಣರು ನಾಟಕ ಕಟ್ಟಿದರೆ ಸ್ತ್ರೀಪಾತ್ರಗಳಿಗೆ ಅಲ್ಲಿಂದ ಕಲಾವಿದೆಯರು ಬರುತ್ತಾರೆ. ರಾತ್ರಿಯೆಲ್ಲ ಅವರ ಹಾಡಿಗೆ ತಲೆದೂಗಿ, ವನ್ಸ್ ಮೋರ್ ಎಂದು ಕೂಗಿ, ಬೆಳಗಾದ ಮೇಲೆ ಅದೇ ಕಲಾವಿದೆಯರನ್ನು ಕುರಿತು ಹಗುರವಾಗಿ ಮಾತಾಡುವ ಜನರೂ ನಾವೇ ಆಗಿದ್ದೇವೆ. ರಾತ್ರಿಯ ಆ ಮೆಚ್ಚುಗೆಗೂ ಬೆಳಗಿನ ಈ ತಾತ್ಸಾರಕ್ಕೂ ನಡುವೆ ಇರುವ ಅಂತರವನ್ನು ನೆನೆದಾಗಲೆಲ್ಲ ಒಬ್ಬ ಮಹಿಳೆಯ ಜೀವನ ನನ್ನ ಕಣ್ಣಮುಂದೆ ಬರುತ್ತದೆ. ಅವರೇ ಎಂ. ವಿ. ರಾಜಮ್ಮನವರು.

ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಅರಸರ, ಕವಿಗಳ, ದೇಶಭಕ್ತರ ಚರಿತ್ರೆಗಳು ಬರುವುದುಂಟು. ಹೊಟ್ಟೆಪಾಡಿಗಾಗಿ ಬಣ್ಣ ಹಚ್ಚಿದ ಹೆಣ್ಣುಮಗಳೊಬ್ಬಳ ಚರಿತ್ರೆ ಅವುಗಳ ಸಾಲಿನಲ್ಲಿ ನಿಲ್ಲಬಹುದೇ ಎಂಬ ಸಂಕೋಚ ನನಗೂ ಇತ್ತು. ಆದರೆ ಅವರ ಬಾಳನ್ನು ತಿಳಿದಷ್ಟೂ ಆ ಸಂಕೋಚ ಕರಗುತ್ತ ಬಂದಿತು. ಅಧ್ಯಾಪಕವರ್ಗದವರೂ ಸಹಪಾಠಿಗಳೂ ಇದನ್ನು ಸಹನೆಯಿಂದ ಓದಬೇಕೆಂದು ಪ್ರಾರ್ಥಿಸಿ ವಿಷಯಕ್ಕೆ ಬರುತ್ತೇನೆ.

ರಾಜಮ್ಮನವರು ಹಳೆಯ ಮೈಸೂರು ಸಂಸ್ಥಾನದಲ್ಲಿ 1921ರಲ್ಲಿ ಜನಿಸಿದರು. ಅವರು ಹುಟ್ಟಿದ ಕಾಲದಲ್ಲಿ ರಂಗಭೂಮಿಯ ಸ್ಥಿತಿ ಹೇಗಿತ್ತೆಂಬುದನ್ನು ಮೊದಲು ತಿಳಿಯಬೇಕು. ಆಗಿನ ದೊಡ್ಡ ದೊಡ್ಡ ಕಂಪನಿಗಳಲ್ಲಿಯೂ ಸೀತೆ, ದ್ರೌಪದಿ, ಶಕುಂತಲೆಯರ ಪಾತ್ರಗಳನ್ನು ಬಹುಮಟ್ಟಿಗೆ ಗಂಡಸರೇ ವಹಿಸುತ್ತಿದ್ದರು. ಮೀಸೆ ಚಿಗುರದ ಹುಡುಗರಿಗೆ ಸೀರೆ ಉಡಿಸಿ, ಜಡೆ ಹೆಣೆದು, ನಡಿಗೆ ಕಲಿಸಿ ರಂಗಕ್ಕೆ ಬಿಡುತ್ತಿದ್ದರು. ಸಿನಿಮಾದ ಕಥೆಯೂ ಇದೇ ಆಗಿತ್ತು. ದಾದಾಸಾಹೇಬ್ ಫಾಲ್ಕೆಯವರು 1913ರಲ್ಲಿ ತೆರೆಗೆ ತಂದ ರಾಜಾ ಹರಿಶ್ಚಂದ್ರ ಮೂಕಿಚಿತ್ರದಲ್ಲಿ ತಾರಾಮತಿಯ ಪಾತ್ರಕ್ಕೆ ಹೆಂಗಸರಾರೂ ಒಪ್ಪದೆ ಸಾಳುಂಕೆ ಎಂಬ ತರುಣನೇ ಸೀರೆ ಉಡಬೇಕಾಯಿತು. ಮರ್ಯಾದಸ್ಥರ ಮನೆಯ ಹೆಣ್ಣು ಹತ್ತು ಜನರ ಮುಂದೆ ಬಣ್ಣ ಹಚ್ಚಿ ನಿಲ್ಲಬಾರದೆಂಬುದು ಅಂದಿನ ಕಟ್ಟಳೆ. ಕಟ್ಟಳೆ ಮೀರಿ ನಿಂತವಳನ್ನು ಮರ್ಯಾದಸ್ಥಳೆನ್ನಬಾರದೆಂಬುದು ಅದರ ಇನ್ನೊಂದು ಮುಖ.

ಈ ಕಟ್ಟಳೆಯನ್ನು ಎದುರಿಸಿದವರಲ್ಲಿ ನಮ್ಮ ನೆರೆಯ ಬಳ್ಳಾರಿಯ ರಾಘವರೂ ಒಬ್ಬರೆಂಬುದು ನಮಗೆ ಅಭಿಮಾನದ ಸಂಗತಿ. 1880ರಲ್ಲಿ ತಾಡಪತ್ರಿಯಲ್ಲಿ ಹುಟ್ಟಿ, ಬಳ್ಳಾರಿಯಲ್ಲಿ ವಕೀಲರಾಗಿ, ನಟರಾಗಿ ನಾಡಿನಾಚೆಗೂ ಕೀರ್ತಿ ಗಳಿಸಿದ ಅವರು, ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು ವಾದಿಸಿದರು. ವಾದಕ್ಕೇ ನಿಲ್ಲದೆ ವಿದ್ಯಾವಂತ ಮನೆತನದ ಹೆಣ್ಣುಮಕ್ಕಳಿಗೆ ಅಭಿನಯ ಕಲಿಸಿ ತಮ್ಮೊಡನೆ ರಂಗವೇರಿಸಿದರು. ಅತ್ತ ಮೈಸೂರು ಸೀಮೆಯಲ್ಲಿ ಗುಬ್ಬಿ ವೀರಣ್ಣನವರಂಥವರ ಕಂಪನಿಗಳಲ್ಲಿಯೂ ನಟಿಯರು ಮೆಲ್ಲಮೆಲ್ಲನೆ ಮುಂದೆ ಬರುತ್ತಿದ್ದರು. ಹೀಗೆ ಬಾಗಿಲು ಅರ್ಧ ತೆರೆದಿದ್ದ ಹೊತ್ತಿನಲ್ಲಿ ರಾಜಮ್ಮ ಎಂಬ ಬಾಲಕಿ ಒಳಗೆ ಕಾಲಿಟ್ಟಳು.

ಆಕೆ ಸೇರಿದ್ದು ಮಹಮ್ಮದ್ ಪೀರ್ ಸಾಹೇಬರ ಚಂದ್ರಕಲಾ ನಾಟಕ ಮಂಡಳಿಯನ್ನು. ಪೀರ್ ಸಾಹೇಬರು ಸ್ವತಃ ಶ್ರೇಷ್ಠ ನಟರು; 1937ರಲ್ಲಿ ಅಕಾಲ ಮರಣಕ್ಕೀಡಾಗದಿದ್ದರೆ ಕನ್ನಡ ರಂಗಭೂಮಿಗೆ ಅವರಿಂದ ಇನ್ನೂ ಎಷ್ಟೋ ದೊರೆಯುತ್ತಿತ್ತು. ಅಂದಿನ ಕಂಪನಿಯೆಂದರೆ ಒಂದು ಸಂಸಾರವೂ ಹೌದು, ಒಂದು ಪಾಠಶಾಲೆಯೂ ಹೌದು. ಊರಿಂದ ಊರಿಗೆ ಪರದೆ ಪೆಟ್ಟಿಗೆಗಳೊಡನೆ ಪಯಣ. ಒಂದೇ ಅಡುಗೆಮನೆಯ ಊಟ. ಹಗಲು ತಾಲೀಮು, ರಾತ್ರಿ ಆಟ. ಧ್ವನಿವರ್ಧಕದ ಆಸರೆಯಿಲ್ಲದೆ ಹಿಂದಿನ ಸಾಲಿನ ನೆಲದ ಟಿಕೆಟ್ಟಿನವನಿಗೂ ಪ್ರತಿ ಅಕ್ಷರ ಕೇಳುವಂತೆ ನುಡಿಯಬೇಕು, ಹಾಡಬೇಕು. ಹಾಡಲು ಬಾರದವರಿಗೆ ಕಂಪನಿಯಲ್ಲಿ ಸ್ಥಾನ ಸಿಗುವುದು ಕಷ್ಟವಿತ್ತು. ಇಂದು ನಾವು ಮೂರು ವರ್ಷಗಳಲ್ಲಿ ಪದವಿ ಪಡೆಯುತ್ತೇವೆ. ರಂಗದ ಆ ಶಾಲೆಯಲ್ಲಿ ಪದವಿಪತ್ರವಿರಲಿಲ್ಲ. ಪ್ರತಿ ರಾತ್ರಿಯೂ ಪರೀಕ್ಷೆ, ಪ್ರೇಕ್ಷಕನೇ ಪರೀಕ್ಷಕ. ಆ ಪರೀಕ್ಷೆಯಲ್ಲಿ ರಾಜಮ್ಮ ತೇರ್ಗಡೆಯಾದರು.

ಅದೇ ಮಂಡಳಿಯಲ್ಲಿ ಬಿ. ಆರ್. ಪಂತುಲು ಎಂಬ ತರುಣ ನಟರಿದ್ದರು. 1910ರಲ್ಲಿ ಜನಿಸಿದ ಅವರು ಮುಂದೆ ದಕ್ಷಿಣ ಭಾರತದ ಹೆಸರಾಂತ ನಿರ್ಮಾಪಕ, ನಿರ್ದೇಶಕರಾದರು. ಎಚ್. ಎಲ್. ಎನ್. ಸಿಂಹರು ಮಂಡಳಿಗಾಗಿ ಬರೆದ ಸಂಸಾರ ನೌಕೆ ಎಂಬ ನಾಟಕ ಜನಮನವನ್ನು ಸೆರೆಹಿಡಿಯಿತು. ಅದರಲ್ಲಿ ದೇವತೆಗಳಿಲ್ಲ, ರಾಕ್ಷಸರಿಲ್ಲ, ಕಿರೀಟವಿಲ್ಲ, ಗದೆಯಿಲ್ಲ. ಮನೆಯ ಹಿರಿಯರ ಇಚ್ಛೆಗೆ ವಿರುದ್ಧವಾಗಿ ತಾನು ಮೆಚ್ಚಿದ ಹುಡುಗಿಯನ್ನು ಮದುವೆಯಾಗಿ, ಮನೆಯಿಂದ ಹೊರಬಿದ್ದು, ಉದ್ಯೋಗ ಕಳೆದುಕೊಂಡು, ಕೊನೆಗೆ ಮಾಡದ ಕೊಲೆಯ ಆರೋಪವನ್ನೂ ಹೊತ್ತ ತರುಣನ ಕಥೆ ಅದು. ಅವನ ಕೈಹಿಡಿದು, ಬಡತನವನ್ನೂ ಅಪವಾದವನ್ನೂ ಸಹಿಸುವ ಸರಳೆ ಅದರ ನಾಯಿಕೆ. ನೋಡುವವರಿಗೆ ಅದು ತಮ್ಮ ಬೀದಿಯ ಮನೆಯೊಂದರಲ್ಲಿ ನಡೆದ ಸಂಗತಿಯಂತೆ ತೋರುತ್ತಿತ್ತು.

ಅಷ್ಟರಲ್ಲಿ ವಾಕ್ಚಿತ್ರಗಳ ಯುಗ ಆರಂಭವಾಗಿತ್ತು. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ 1934ರಲ್ಲಿ ತೆರೆಕಂಡಿತು. ಅದನ್ನು ತೆಗೆದದ್ದು ಕನ್ನಡ ನಾಡಿನಲ್ಲಲ್ಲ, ದೂರದ ಕೊಲ್ಲಾಪುರದ ಸ್ಟುಡಿಯೊದಲ್ಲಿ. ಮಾತಿನ ಚಿತ್ರ ತಯಾರಿಸುವ ಸೌಕರ್ಯ ನಮ್ಮಲ್ಲಿ ಇನ್ನೂ ನೆಲೆಗೊಳ್ಳದಿದ್ದುದರಿಂದ ನಮ್ಮ ಕಲಾವಿದರು ಕೊಲ್ಲಾಪುರಕ್ಕೋ ಮದರಾಸಿಗೋ ವಲಸೆ ಹೋಗಬೇಕಾಗಿತ್ತು. ಮೊದಮೊದಲ ಕನ್ನಡ ಚಿತ್ರಗಳ ವಸ್ತು ಪುರಾಣ ಮತ್ತು ಹಳೆಯ ಕಥೆಗಳಿಂದ ಬಂದುದು. 1936ರಲ್ಲಿ ಸಿಂಹರು ತಮ್ಮ ಸಂಸಾರ ನೌಕೆಯನ್ನು ತಾವೇ ನಿರ್ದೇಶಿಸಿ ತೆರೆಗೆ ತಂದರು. ಕನ್ನಡದ ಮೊದಲ ಸಾಮಾಜಿಕ ಚಿತ್ರವೆಂಬ ಗೌರವ ಅದಕ್ಕೆ ಸಂದಿದೆ. ಪಂತುಲು ನಾಯಕರು, ರಾಜಮ್ಮ ನಾಯಿಕೆ. ಆಗ ಅವರಿಗೆ ಹದಿನೈದರ ಪ್ರಾಯ. ಅದೇ 1936ರಲ್ಲಿ ಬಳ್ಳಾರಿ ರಾಘವರು ದ್ರೌಪದೀ ಮಾನಸಂರಕ್ಷಣಂ ಎಂಬ ತೆಲುಗು ಚಿತ್ರದಲ್ಲಿ ದುರ್ಯೋಧನರಾಗಿ ಮೊದಲ ಬಾರಿ ತೆರೆಯ ಮೇಲೆ ಬಂದರು. ಐವತ್ತೈದು ದಾಟಿದ ಹಿರಿಯ ನಟನೂ ಹದಿನೈದರ ಬಾಲೆಯೂ ಒಂದೇ ವರ್ಷ ರಂಗದಿಂದ ಬೆಳ್ಳಿತೆರೆಯ ಹೊಸ್ತಿಲು ದಾಟಿದ್ದು ಒಂದು ಚೋದ್ಯ. ರಾಘವರು ಕೆಲವೇ ಚಿತ್ರಗಳ ನಂತರ ನಿಂತರು. ರಾಜಮ್ಮನವರ ಪಯಣ ಮುಂದೆ ಹಲವು ದಶಕ ಸಾಗಿತು.

ಈ ಹೊಸ್ತಿಲು ದಾಟುವುದು ಸುಲಭವಾಗಿರಲಿಲ್ಲ. ರಂಗದ ಮೇಲೆ ನಟಿ ಕೈಯೆತ್ತಿ ನುಡಿದದ್ದು ಐವತ್ತು ಮಾರು ದೂರದವನಿಗೆ ಕಾಣಬೇಕು. ಕ್ಯಾಮರಾದ ಮುಂದೆ ಹುಬ್ಬು ಅಲುಗಿದರೂ ಅದು ಗೋಡೆಯಗಲ ಕಾಣುತ್ತದೆ. ರಂಗದಲ್ಲಿ ಒಂದೇ ಓಘದಲ್ಲಿ ಮೊದಲಿಂದ ಕೊನೆಯವರೆಗೆ ಪಾತ್ರ ಬೆಳೆಯುತ್ತದೆ. ಚಿತ್ರೀಕರಣದಲ್ಲಿ ಸಾವಿನ ದೃಶ್ಯ ಮೊದಲು, ಮದುವೆಯ ದೃಶ್ಯ ಆಮೇಲೆ ಬರಬಹುದು. ಎದುರಿಗೆ ಚಪ್ಪಾಳೆಯಿಲ್ಲ, ಕಣ್ಣೀರಿಲ್ಲ. ಇರುವುದು ಸುಡುವ ದೀಪಗಳು ಮಾತ್ರ. ಹಿನ್ನೆಲೆ ಗಾಯನದ ಪದ್ಧತಿ ಇನ್ನೂ ಬೇರೂರದ ಆ ದಿನಗಳಲ್ಲಿ ನಟನಟಿಯರು ತಾವೇ ಹಾಡಬೇಕಾಗಿತ್ತು. ರಂಗದಿಂದ ಬಂದ ಅನೇಕರು ತೆರೆಯ ಮೇಲೆಯೂ ಕಂಪನಿಯ ಎತ್ತರದ ದನಿಯನ್ನೇ ಬಳಸಿ ಕೃತಕವೆನಿಸಿದರು. ಕಂಪನಿಯಲ್ಲಿ ಕಲಿತ ಸ್ಪಷ್ಟ ನುಡಿಯನ್ನೂ ಹಾಡುಗಾರಿಕೆಯನ್ನೂ ಉಳಿಸಿಕೊಂಡು, ಅಬ್ಬರವನ್ನು ಮಾತ್ರ ಹಿಂದೆ ಬಿಟ್ಟು ಬರುವುದೇ ಅಲ್ಲಿನ ಜಾಣ್ಮೆ. ರಾಜಮ್ಮನವರು ಅದನ್ನು ಬೇಗ ಕಲಿತರು.

ಮದರಾಸು ಆಗ ದಕ್ಷಿಣದ ಚಿತ್ರೋದ್ಯಮದ ರಾಜಧಾನಿ. ಕನ್ನಡದಲ್ಲಿ ಚಿತ್ರಗಳು ತಯಾರಾಗುವುದೇ ಅಪರೂಪವಾದ್ದರಿಂದ ರಾಜಮ್ಮನವರು ತಮಿಳು ಚಿತ್ರಗಳತ್ತ ತಿರುಗಿದರು. ಪರಭಾಷೆಯನ್ನು ನಾಲಿಗೆಗೆ ತಂದುಕೊಂಡು ಅಲ್ಲಿನ ಅಗ್ರಶ್ರೇಣಿಯ ನಟಿಯರ ಸಾಲಿಗೆ ಸೇರಿದ್ದು ಅವರ ಪರಿಶ್ರಮಕ್ಕೆ ಸಾಕ್ಷಿ. ಸೇಲಂನ ಮಾಡರ್ನ್ ಥಿಯೇಟರ್ಸ್‌ನವರು 1940ರಲ್ಲಿ ತಯಾರಿಸಿದ ಉತ್ತಮ ಪುತ್ತಿರನ್ ಚಿತ್ರದಲ್ಲಿ ಅವರು ನಾಯಿಕೆ. ಪಿ. ಯು. ಚಿನ್ನಪ್ಪನವರು ಅವಳಿ ರಾಜಕುಮಾರರಾಗಿ ಎರಡು ಪಾತ್ರ ವಹಿಸಿದ ಆ ಚಿತ್ರ ತಮಿಳಿನಲ್ಲಿ ದ್ವಿಪಾತ್ರಾಭಿನಯಕ್ಕೆ ನಾಂದಿಯಾಯಿತು. ಮರುವರ್ಷ, 1941ರಲ್ಲಿ, ಗುಮಾಸ್ತಾವಿನ್ ಪೆಣ್ ತೆರೆಗೆ ಬಂತು. ಗುಮಾಸ್ತನ ಮಗಳು ಎಂಬುದು ಆ ಹೆಸರಿನ ಅರ್ಥ. ಹೆಣ್ಣುಮಕ್ಕಳ ಮದುವೆ ಮಾಡಲಾರದೆ ತೊಳಲುವ ಬಡ ಗುಮಾಸ್ತನ ಮನೆಯ ಈ ಕಥೆಯೂ ನಾಟಕವಾಗಿ ಜನಪ್ರಿಯವಾದ ಮೇಲೆಯೇ ಚಿತ್ರವಾದುದು. ರಾಜರ ಮನೆಯ ನಾಯಿಕೆಯಾಗಿಯೂ ಗುಮಾಸ್ತನ ಮನೆಯ ಹೆಣ್ಣಾಗಿಯೂ ಒಪ್ಪುವ ನಟಿಗೆ ಕೆಲಸದ ಕೊರತೆ ಎಲ್ಲಿಯದು? ಇಪ್ಪತ್ತರ ಪ್ರಾಯಕ್ಕೇ ಅವರು ತಮ್ಮ ದುಡಿಮೆಯಿಂದ ನೆಲೆನಿಂತಿದ್ದರು.

ವಾಚಕರೇ, ಅವರ ಜೀವನಚರಿತ್ರೆ ಇಲ್ಲಿಗೇ ಮುಗಿದಿದ್ದರೆ ಅದು ಒಬ್ಬ ಯಶಸ್ವಿ ನಟಿಯ ಕಥೆಯಾಗಿರುತ್ತಿತ್ತು. ನಾನು ಈ ಲೇಖನಿ ಹಿಡಿಯುತ್ತಿರಲಿಲ್ಲ. ಅದು ಅಷ್ಟಕ್ಕೇ ನಿಲ್ಲದಂತೆ ಮಾಡಿದ್ದು 1943ರಲ್ಲಿ ಅವರು ಮಾಡಿದ ಒಂದು ಸಾಹಸ. ಆ ವರ್ಷ ಅವರು ರಾಧಾ ರಮಣ ಎಂಬ ಕನ್ನಡ ಚಿತ್ರವನ್ನು ತಾವೇ ನಿರ್ಮಿಸಿದರು. ಕನ್ನಡ ಚಿತ್ರರಂಗದ ಪ್ರಪ್ರಥಮ ಮಹಿಳಾ ನಿರ್ಮಾಪಕಿ ಎಂಬ ಹೆಸರು ಅವರಿಗೆ ಶಾಶ್ವತವಾಗಿ ಉಳಿದದ್ದು ಆ ಚಿತ್ರದಿಂದ.

ಈ ಸಾಹಸದ ತೂಕವನ್ನು ಅರಿಯಬೇಕಾದರೆ ಆ ಕಾಲವನ್ನು ಸ್ವಲ್ಪ ನೆನೆಯಬೇಕು. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಚಿತ್ರ ತೆಗೆಯಲು ಬೇಕಾದ ಕಚ್ಚಾ ಫಿಲ್ಮು ಹೊರದೇಶದಿಂದಲೇ ಬರಬೇಕು. ಅದು ದುರ್ಲಭವಾಗಿ, ಅದರ ಹಂಚಿಕೆ ಸರ್ಕಾರದ ಹತೋಟಿಗೆ ಒಳಪಟ್ಟಿತು. ಅಕ್ಕಿ, ಸೀಮೆಎಣ್ಣೆಗಳಿಗೇ ಜನ ಸಾಲು ನಿಲ್ಲುತ್ತಿದ್ದ ದಿನಗಳು ಅವು. ಇತ್ತ ಕನ್ನಡ ನಾಡು ಒಂದಾಗಿರಲಿಲ್ಲ. ಮೈಸೂರು ಒಬ್ಬರ ಆಳ್ವಿಕೆ, ಧಾರವಾಡ ಮುಂಬಯಿ ಪ್ರಾಂತ, ಕೊಪ್ಪಳ ರಾಯಚೂರು ಹೈದರಾಬಾದು, ನಮ್ಮ ಬಳ್ಳಾರಿ ಹೊಸಪೇಟೆಗಳು ಮದರಾಸು ಪ್ರಾಂತ. ಹೀಗೆ ಹರಿದು ಹಂಚಿಹೋದ ಜನಕ್ಕೆ ಕನ್ನಡ ಚಿತ್ರವನ್ನು ಮುಟ್ಟಿಸುವುದು, ಮುಟ್ಟಿಸಿ ಹಾಕಿದ ಹಣ ಹಿಂತಿರುಗಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದು ಊಹೆಗೆ ಬಿಟ್ಟದ್ದು. ಆದ್ದರಿಂದಲೇ ವರ್ಷವೆಲ್ಲ ಸೇರಿ ಕನ್ನಡ ಚಿತ್ರಗಳು ಕೈಬೆರಳ ಎಣಿಕೆಯನ್ನು ದಾಟುತ್ತಿರಲಿಲ್ಲ. ಹಣವುಳ್ಳ ಗಂಡಸರೇ ಹಿಂಜರಿಯುತ್ತಿದ್ದ ಆ ಕೆಲಸಕ್ಕೆ ಇಪ್ಪತ್ತೆರಡರ ತರುಣಿ ಮುಂದಾದರು.

ತಮಿಳಿನಲ್ಲಿ ಅವರಿಗೆ ಮಾನವಿತ್ತು, ಮನ್ನಣೆಯಿತ್ತು, ಸಂಪಾದನೆಯಿತ್ತು. ಕನ್ನಡ ಚಿತ್ರ ನಿರ್ಮಿಸಬೇಕೆಂಬ ನಿರ್ಬಂಧವೇನೂ ಇರಲಿಲ್ಲ. ಲಾಭದ ಲೆಕ್ಕ ಹಾಕುವವರು ತೊಡಗುವ ಕಾಲವೂ ಅದಲ್ಲ. ನನಗೆ ಇದರಲ್ಲಿ ಕಾಣುವ ಹಿರಿಮೆ ಎರಡು ಬಗೆಯದು. ತಾನು ಬಂದ ಭಾಷೆಯನ್ನು ಮರೆಯದಿದ್ದುದು ಒಂದು. ಎರಡನೆಯದು ಅದಕ್ಕಿಂತ ದೊಡ್ಡದು. ಅಲ್ಲಿಯವರೆಗೆ ಕನ್ನಡದಲ್ಲಿ ನಟಿಯೆಂದರೆ ಕಂಪನಿಯ ಯಜಮಾನ ಕರೆದಾಗ ಬರುವವಳು, ಕೊಟ್ಟ ಪಾತ್ರ ಮಾಡುವವಳು, ಹೇಳಿದ ಸಂಬಳ ಪಡೆಯುವವಳು. ರಾಜಮ್ಮನವರು ಯಾವ ಕಥೆ ಬೇಕು, ಯಾರು ಪಾತ್ರ ಮಾಡಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ನಿಶ್ಚಯಿಸುವ ಕುರ್ಚಿಯಲ್ಲಿ ಕುಳಿತರು. ಬಣ್ಣ ಹಚ್ಚಿದವಳು ಒಡತಿಯಾದಳು. ಹೆಣ್ಣು ದುಡಿಯಬಹುದೆಂದು ಒಪ್ಪಿದ ಸಮಾಜ ಕೂಡ ದುಡಿದ ಹಣವನ್ನು ಹೇಗೆ ವಿನಿಯೋಗಿಸಬೇಕೆಂದು ಅವಳೇ ತೀರ್ಮಾನಿಸುವುದನ್ನು ಸುಲಭವಾಗಿ ಒಪ್ಪುವುದಿಲ್ಲ. ಇಂದಿಗೂ ನಮ್ಮ ಮನೆಗಳಲ್ಲಿ ಇದು ಮುಗಿದ ವಿಚಾರವಲ್ಲ.

ಆ ಚಿತ್ರದ ಇನ್ನೊಂದು ಫಲವನ್ನು ಇಲ್ಲಿ ಹೇಳಲೇಬೇಕು. ರಾಧಾ ರಮಣದಲ್ಲಿ ಇಬ್ಬರು ಹೊಸ ತರುಣರು ಮೊದಲ ಬಾರಿಗೆ ಕ್ಯಾಮರಾದ ಮುಂದೆ ನಿಂತರು. ಒಬ್ಬರು ಜಿ. ವಿ. ಅಯ್ಯರ್. ಮುಂದೆ 1975ರಲ್ಲಿ ಹಂಸಗೀತೆ, 1983ರಲ್ಲಿ ಸಂಸ್ಕೃತದ ಮೊಟ್ಟಮೊದಲ ಚಿತ್ರವಾದ ಆದಿ ಶಂಕರಾಚಾರ್ಯ ಇವುಗಳನ್ನು ನಿರ್ದೇಶಿಸಿ ರಾಷ್ಟ್ರದ ಗೌರವಕ್ಕೆ ಪಾತ್ರರಾದವರು ಅವರೇ. ಇನ್ನೊಬ್ಬರು ಟಿ. ಎನ್. ಬಾಲಕೃಷ್ಣ. ಕಿವಿ ಸರಿಯಾಗಿ ಕೇಳದ ಆ ಮಹಾನಟ ಎದುರಿನವರ ತುಟಿಯ ಚಲನೆಯನ್ನು ಗಮನಿಸಿಯೇ ನೂರಾರು ಚಿತ್ರಗಳಲ್ಲಿ ಕನ್ನಡಿಗರನ್ನು ನಗಿಸಿದರು, ಅಳಿಸಿದರು, ಖಳನಾಗಿ ಹೆದರಿಸಿದರು. ಈ ಇಬ್ಬರ ಹೆಸರನ್ನು ಅರಿಯದ ಕನ್ನಡಿಗರು ವಿರಳ. ಅವರಿಗೆ ಮೊದಲ ಅವಕಾಶ ದೊರೆತದ್ದು ಒಬ್ಬ ಮಹಿಳೆಯ ಚಿತ್ರದಲ್ಲೆಂಬುದನ್ನು ಅರಿತವರು ಅದಕ್ಕಿಂತಲೂ ವಿರಳ.

ಆನಂತರವೂ ರಾಜಮ್ಮನವರು ನಾಯಿಕೆಯಾಗಿ ಮುಂದುವರಿದರು. 1948ರಲ್ಲಿ ಅವರು ಟಿ. ಆರ್. ಮಹಾಲಿಂಗಂ ಅವರೊಡನೆ ನಟಿಸಿದ ಜ್ಞಾನಸೌಂದರಿ ಎಂಬ ತಮಿಳು ಚಿತ್ರದ ಪ್ರಸಂಗ ಸ್ವಾರಸ್ಯಕರವಾಗಿದೆ. ಮಲತಾಯಿಯ ಕ್ರೌರ್ಯದಿಂದ ಎರಡು ಕೈಗಳನ್ನೂ ಕಳೆದುಕೊಂಡು, ಭಕ್ತಿಯಿಂದ ಅವನ್ನು ಮರಳಿ ಪಡೆಯುವ ಸಾಧ್ವಿಯ ಕಥೆ ಅದು. ಇದೇ ಕಥೆಯನ್ನು ಇದೇ ಹೆಸರಿನಲ್ಲಿ ಅದೇ ವರ್ಷ ಪ್ರಬಲವಾದ ಜೆಮಿನಿ ಸಂಸ್ಥೆಯೂ ಚಿತ್ರವಾಗಿ ತಂದಿತು. ಜನ ಒಲಿದದ್ದು ರಾಜಮ್ಮನವರ ಜ್ಞಾನಸೌಂದರಿಗೆ. ಜೆಮಿನಿಯ ವಾಸನ್‌ರು ತಮ್ಮ ಚಿತ್ರವನ್ನು ಹಿಂತೆಗೆದುಕೊಂಡರು. ದೊಡ್ಡ ಬಂಡವಾಳದ ಎದುರಿಗೆ ಅಭಿನಯವೂ ಹಾಡೂ ಗೆಲ್ಲಬಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಆದರೆ ಚಿತ್ರರಂಗ ನಟನಿಗೆ ಕೊಡುವಷ್ಟು ಕಾಲಾವಕಾಶವನ್ನು ನಟಿಗೆ ಕೊಡುವುದಿಲ್ಲ. ನಾಯಕ ಐವತ್ತು ದಾಟಿದರೂ ನಾಯಕನೇ. ನಾಯಿಕೆ ಮೂವತ್ತು ದಾಟಿದಳೆಂದರೆ ಅತ್ತಿಗೆ, ನಾಲ್ವತ್ತಕ್ಕೆ ತಾಯಿ. ಎಷ್ಟೋ ನಟಿಯರು ಈ ತಿರುವಿನಲ್ಲಿ ಮನನೊಂದು ಮರೆಯಾಗಿದ್ದಾರೆ. ರಾಜಮ್ಮನವರು ಮರೆಯಾಗಲಿಲ್ಲ. ಐವತ್ತರ ದಶಕದಲ್ಲಿ ಅವರು ಹಿರಿಯ ಪಾತ್ರಗಳನ್ನು ಮನಃಪೂರ್ವಕ ಒಪ್ಪಿಕೊಂಡು ಎರಡನೆಯ ಜೀವನವನ್ನೇ ಆರಂಭಿಸಿದರು. ಅವರ ಹಳೆಯ ಸಹನಟ ಪಂತುಲು ಆಗ ಸ್ವತಃ ಚಿತ್ರಗಳನ್ನು ನಿರ್ಮಿಸಿ ನಿರ್ದೇಶಿಸತೊಡಗಿದ್ದರು. 1958ರಲ್ಲಿ ಅವರ ಸ್ಕೂಲ್ ಮಾಸ್ಟರ್ ತೆರೆಕಂಡಿತು. ಊರ ಮಕ್ಕಳಿಗೆಲ್ಲ ವಿದ್ಯೆ ಕೊಟ್ಟ ಉಪಾಧ್ಯಾಯರಾಗಿ ಪಂತುಲು, ಅವರ ಮಡದಿಯಾಗಿ ರಾಜಮ್ಮ. ಬೆಳೆದ ಮಕ್ಕಳು ವೃದ್ಧ ತಂದೆತಾಯಿಗಳನ್ನು ಹೊರೆಯೆಂದು ಭಾವಿಸಿ, ತಂದೆ ಒಬ್ಬನ ಮನೆಯಲ್ಲಿ ತಾಯಿ ಇನ್ನೊಬ್ಬನ ಮನೆಯಲ್ಲಿ ಎಂದು ಪಾಲು ಹಾಕುತ್ತಾರೆ. ಜೀವಮಾನವೆಲ್ಲ ಜೊತೆಗಿದ್ದ ದಂಪತಿಗಳು ಮುಪ್ಪಿನಲ್ಲಿ ಅಗಲುವ ಆ ಸನ್ನಿವೇಶ ಕನ್ನಡಿಗರ ಹೃದಯವನ್ನು ಕರಗಿಸಿತು. ಚಿತ್ರ ಹಿಂದಿ, ತೆಲುಗು, ತಮಿಳು, ಮಲಯಾಳಗಳಿಗೂ ಹೋಯಿತು.

ನಮ್ಮ ಅಜ್ಜಿ ಆ ಚಿತ್ರವನ್ನು ಬಾಲ್ಯದಲ್ಲಿ ನೋಡಿದವರು. ಅವರ ತಂದೆತಾಯಿ ಅಣೆಕಟ್ಟಿನ ಕೆಲಸಕ್ಕೆ ಕಲ್ಲು ಮಣ್ಣು ಹೊರಲು ಬಂದು ಇಲ್ಲೇ ನೆಲೆನಿಂತವರು. ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ ಮರಳಿನ ಮೇಲೆ ಕುಳಿತು ನೋಡಿದ ಆ ಆಟವನ್ನು ಅವರು ಇಂದಿಗೂ ಮರೆತಿಲ್ಲ. ಗಂಡಹೆಂಡಿರು ಅಗಲುವ ಹೊತ್ತಿಗೆ ಹೆಂಗಸರ ಕಡೆಯಲ್ಲಿ ಯಾರ ಸೆರಗೂ ಒಣಗಿರಲಿಲ್ಲವಂತೆ. ಅಜ್ಜಿಗೆ ಓದುಬರಹ ಬಾರದು. ಚಿತ್ರದ ಫಲಕದ ಮೇಲಿನ ಹೆಸರನ್ನು ಓದಲಾರರು. ಆದರೆ ಮಾಸ್ತರರ ಹೆಂಡತಿಯ ಮುಖ ಮಾತ್ರ ಅವರಿಗೆ ತಮ್ಮ ತಾಯಿಯ ಮುಖದಷ್ಟೇ ಪರಿಚಿತ.

ಮುಂದಿನ ವರ್ಷಗಳಲ್ಲಿ ರಾಜಮ್ಮನವರು ವಹಿಸಿದ ಪಾತ್ರಗಳನ್ನೆಲ್ಲ ಎಣಿಸುವುದು ಈ ಕಿರುಲೇಖನಕ್ಕೆ ಅಸಾಧ್ಯ. ಮೂರನ್ನು ಮಾತ್ರ ನೆನೆಯುತ್ತೇನೆ. 1961ರ ಕಿತ್ತೂರು ಚೆನ್ನಮ್ಮದಲ್ಲಿ ಅವರು ಮಲ್ಲಸರ್ಜನ ಹಿರಿಯ ರಾಣಿ ರುದ್ರಮ್ಮ. 1964ರ ಕರ್ಣನ್ ಎಂಬ ತಮಿಳು ಚಿತ್ರದಲ್ಲಿ, ಶಿವಾಜಿ ಗಣೇಶನ್ ಕರ್ಣನಾದಾಗ, ಅವರು ಕುಂತಿ. ಹೆತ್ತ ಮಗನನ್ನು ಲೋಕನಿಂದೆಗೆ ಹೆದರಿ ನೀರಿಗೆ ಬಿಟ್ಟು, ಯುದ್ಧದ ಹೊಸ್ತಿಲಲ್ಲಿ ಅವನೆದುರು ನಿಂತು ಬೇಡುವ ತಾಯಿಯ ಪಾತ್ರ ಸಾಮಾನ್ಯ ಅಳುವಿನ ಪಾತ್ರವಲ್ಲ. ಅವಳಲ್ಲಿ ಮಮತೆಯೂ ಇದೆ, ಸ್ವಾರ್ಥವೂ ಇದೆ, ಅಪರಾಧಭಾವವೂ ಇದೆ. ಈ ಮೂರನ್ನೂ ಒಂದೇ ಮುಖದಲ್ಲಿ ತೋರಿಸಬೇಕಾದರೆ ಕಂಪನಿಯ ರಾತ್ರಿಗಳ ಅನುಭವ ಬೇಕು.

ಮೂರನೆಯದು ನಮ್ಮ ನೆಲದ ಕಥೆ. 1970ರ ಶ್ರೀಕೃಷ್ಣದೇವರಾಯ ಚಿತ್ರದಲ್ಲಿ ರಾಜಕುಮಾರರು ರಾಯರಾದರು, ಪಂತುಲು ಮಹಾಮಂತ್ರಿ ತಿಮ್ಮರಸರಾದರು, ರಾಜಮ್ಮನವರು ತಿಮ್ಮರಸರ ಮಡದಿಯಾದರು. ಹಂಪಿಯ ಕಲ್ಲುಗಳ ನಡುವೆ ಆಡಿ ಬೆಳೆದ ನಮಗೆ ಅರಸನ, ಮಂತ್ರಿಯ ಹೆಸರು ಬಾಯಿಪಾಠ. ಮಂತ್ರಿಯ ಮನೆಯೊಳಗಿದ್ದ ಹೆಂಗಸಿಗೂ ಒಂದು ಮುಖವಿತ್ತೆಂಬುದನ್ನು ಆ ಚಿತ್ರ ನೆನಪಿಗೆ ತಂದಿತು. 1936ರಲ್ಲಿ ಮನೆಬಿಟ್ಟ ತರುಣ ದಂಪತಿಗಳಾಗಿ, 1958ರಲ್ಲಿ ಮಕ್ಕಳಿಂದ ಅಗಲಿಸಲ್ಪಟ್ಟ ಮಾಸ್ತರ ದಂಪತಿಗಳಾಗಿ, 1970ರಲ್ಲಿ ವಿಜಯನಗರದ ಮಂತ್ರಿ ದಂಪತಿಗಳಾಗಿ, ಮೂವತ್ತನಾಲ್ಕು ವರ್ಷಗಳ ಅಂತರದಲ್ಲಿ ಈ ಇಬ್ಬರು ಕಲಾವಿದರು ತೆರೆಯ ಮೇಲೆ ಸತಿಪತಿಯರಾಗಿ ಕಾಣಿಸಿಕೊಂಡರು. ಒಂದೇ ನಾಟಕ ಮಂಡಳಿಯ ಗೆಳೆತನ ಇಷ್ಟು ದೀರ್ಘಕಾಲ ಕಲೆಯಲ್ಲಿ ಫಲ ಕೊಟ್ಟ ಉದಾಹರಣೆ ಅಪರೂಪ. ಪಂತುಲು 1974ರಲ್ಲಿ ತೀರಿಕೊಂಡರು. ಸಂಸಾರ ನೌಕೆಯ ಸಿಂಹರೇ 1954ರ ಬೇಡರ ಕಣ್ಣಪ್ಪದಲ್ಲಿ ರಾಜಕುಮಾರರನ್ನು ನಾಯಕರಾಗಿ ತಂದವರೆಂಬುದನ್ನೂ ಇಲ್ಲಿ ಸೇರಿಸಿದರೆ, ರಂಗದ ಆ ಪುಟ್ಟ ಬಳಗದಿಂದ ಕನ್ನಡ ಚಿತ್ರರಂಗ ಎಷ್ಟನ್ನು ಪಡೆಯಿತೆಂಬುದು ತಿಳಿದೀತು.

ರಾಜಮ್ಮನವರು 1999ರಲ್ಲಿ ದಿವಂಗತರಾದರು. ರಂಗನಟಿಯ ಅಭಿನಯ ಪರದೆ ಬಿದ್ದೊಡನೆ ಮಾಯವಾಗುತ್ತದೆ, ಚಿತ್ರನಟಿಯದು ಉಳಿಯುತ್ತದೆ ಎಂದು ನಾವು ತಿಳಿದಿದ್ದೇವೆ. ಇದು ಅರ್ಧ ಸತ್ಯ. ಸತಿ ಸುಲೋಚನಾದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಮೊದಮೊದಲ ವಾಕ್ಚಿತ್ರಗಳಲ್ಲಿ ಹೆಚ್ಚಿನವು ಹಾಳಾಗಿದ್ದವು. ಆದರೆ ಕಾಲ ಪೂರ್ತಿ ನಿರ್ದಯಿಯಲ್ಲ. ಕರ್ಣನ್ ಚಿತ್ರವನ್ನು ಹೊಸ ತಂತ್ರದಿಂದ ಶುದ್ಧಗೊಳಿಸಿ 2012ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ತಮಿಳುನಾಡಿನ ಚಿತ್ರಮಂದಿರಗಳು ಹೊಸ ಚಿತ್ರಕ್ಕೆ ತುಂಬುವಂತೆ ತುಂಬಿದವು. ತೀರಿಕೊಂಡ ಹದಿಮೂರು ವರ್ಷಗಳ ಮೇಲೆ ಈ ಕನ್ನಡತಿ ಕುಂತಿಯಾಗಿ ಹೊಸ ತಲೆಮಾರಿನ ಕಣ್ಣಲ್ಲಿ ನೀರು ತರಿಸಿದರು.

ಅವರ ಕಲಾಜೀವನದಲ್ಲಿ ಕೊರತೆಗಳೇ ಇಲ್ಲವೆಂದು ಹೇಳಿದರೆ ಅದು ಸ್ತುತಿಯಾದೀತೇ ಹೊರತು ಚರಿತ್ರೆಯಾಗದು. ತಾಯಿಯ ಪಾತ್ರಗಳು ಅವರಿಗೆ ಕೀರ್ತಿ ತಂದಂತೆ ಅವರನ್ನು ಕಟ್ಟಿಯೂ ಹಾಕಿದವು. ಸಹಿಸುವವಳೇ ಒಳ್ಳೆಯ ಹೆಣ್ಣು ಎಂಬ ಪಾಠವನ್ನೇ ಆ ಚಿತ್ರಗಳು ಮತ್ತೆ ಮತ್ತೆ ಒಪ್ಪಿಸಿದವು. ವಿಚಿತ್ರವೆಂದರೆ, ತೆರೆಯ ಮೇಲೆ ಸಹಿಸುವುದನ್ನು ಕಲಿಸಿದಾಕೆ ತಮ್ಮ ಬಾಳಿನಲ್ಲಿ ಸಹಿಸಿ ಕೂರಲಿಲ್ಲ. ಬಾಲ್ಯದಲ್ಲಿ ಲೋಕದ ಮಾತಿಗಂಜದೆ ರಂಗವೇರಿದರು, ತಾರುಣ್ಯದಲ್ಲಿ ನಷ್ಟಕ್ಕಂಜದೆ ಚಿತ್ರ ನಿರ್ಮಿಸಿದರು, ನಡುವಯಸ್ಸಿನಲ್ಲಿ ಮುಪ್ಪಿಗಂಜದೆ ನರೆಗೂದಲು ಧರಿಸಿದರು. ಅವರು ಆಡಿದ ಪಾತ್ರಗಳಿಗಿಂತ ಅವರು ಬಾಳಿದ ಪಾತ್ರ ದೊಡ್ಡದೆಂದು ನನ್ನ ಅಭಿಪ್ರಾಯ. ಇಂದು ದೂರದರ್ಶನದ ಧಾರಾವಾಹಿಗಳಲ್ಲಿ ಮಿಂಚುವ ನಟಿಯರು ನಡೆಯುತ್ತಿರುವ ದಾರಿಯನ್ನು ಹೀಗೆ ಮುಳ್ಳು ತುಳಿದು ಸವೆಸಿದವರು ಇಂಥ ಹಿರಿಯರು.

ಕೊನೆಯಲ್ಲಿ ನನ್ನದೊಂದು ಮಾತು. ಹೋದ ವರ್ಷ ಕಾಲೇಜು ದಿನಾಚರಣೆಯ ನಾಟಕಕ್ಕೆ ನಾನು ಹೆಸರು ಕೊಟ್ಟು ಬಂದಾಗ ಮನೆಯಲ್ಲಿ ದೊಡ್ಡ ತಕರಾರಾಯಿತು. ಓದಲೆಂದು ಕಳಿಸಿದ ಮೊದಲ ಹುಡುಗಿ, ಕುಣಿಯಲು ಕಳಿಸಿದ್ದಲ್ಲವೆಂದು ಅಪ್ಪ ಮುನಿಸಿಕೊಂಡರು. ನೆರೆಯವರು ಏನೆಂದಾರೆಂದು ಅವ್ವ ಅಂಜಿದಳು. ಆಗ ಮೂಲೆಯಲ್ಲಿ ಕಡ್ಲೆಕಾಯಿ ಸುಲಿಯುತ್ತಿದ್ದ ಅಜ್ಜಿ ತಲೆಯೆತ್ತಿ, ಮಾಸ್ತರರ ಹೆಂಡತಿಯೂ ಯಾರದೋ ಮನೆಯ ಮಗಳಲ್ಲವೇ ಎಂದು ಕೇಳಿದರು. ಮನೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ನಾಟಕದ ದಿನ ಅಪ್ಪ ಹಿಂದಿನ ಸಾಲಿನಲ್ಲಿ ನಿಂತು ನೋಡಿ, ನಾನು ಇಳಿಯುವ ಮೊದಲೇ ಹೊರಟುಹೋದರು. ಮನೆಗೆ ಬಂದಾಗ ನನ್ನ ಊಟ ಮುಚ್ಚಿಟ್ಟಿತ್ತು. ಅಪ್ಪ ಇನ್ನೂ ಎದ್ದಿದ್ದರು. ಹಿಂದಿನ ಸಾಲಿಗೂ ಮಾತು ಕೇಳಿಸಿತೆಂದು ಮಾತ್ರ ಹೇಳಿ ಮಲಗಿದರು.

ಸಹಪಾಠಿಗಳೇ, ಮುಂದಿನ ಜಾತ್ರೆಯಲ್ಲಿ ನಾಟಕ ನೋಡಿ ಬಂದ ಬೆಳಗ್ಗೆ ಆ ಕಲಾವಿದೆಯರನ್ನು ಕುರಿತು ಆಡುವ ಮಾತನ್ನು ಸ್ವಲ್ಪ ತೂಗಿ ಆಡೋಣ. ಎಂ. ವಿ. ರಾಜಮ್ಮನವರ ಸ್ಮರಣೆಗೆ ನಾವು ಸಲ್ಲಿಸಬಹುದಾದ ಕಾಣಿಕೆ ಇದೇ ಎಂದು ನಂಬಿ ಈ ಲೇಖನವನ್ನು ಮುಗಿಸುತ್ತೇನೆ.